ಕಾಫಿ ಕುಡಿದ ಮೇಲೆ ಉಸಿರು ಹೇಗೆ ಬದಲಾಗುತ್ತದೆ? ಮನೆಯಲ್ಲೇ ಗಮನಿಸುವ ಕ್ರಮ

ಕಾಫಿ ಕುಡಿದ ಸ್ವಲ್ಪ ಹೊತ್ತಿಗೆ ಕೆಲವರಿಗೆ ಉಸಿರು ಸಾಲುತ್ತಿಲ್ಲ ಅನಿಸುತ್ತದೆ. ಪದೇ ಪದೇ ನಿಟ್ಟುಸಿರು ಬರುತ್ತದೆ. ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರೆ 98 ಅಂತ ತೋರಿಸುತ್ತದೆ. ಆಗ ಗಾಬರಿ ಇನ್ನೂ ಜಾಸ್ತಿ. ಆಕ್ಸಿಜನ್ ಸರಿಯಾಗಿದ್ದರೂ ಹೀಗೇಕೆ?

ಆಕ್ಸಿಮೀಟರ್ ಅಳೆಯುವುದು ಆಕ್ಸಿಜನ್ ಮಟ್ಟವನ್ನು ಮಾತ್ರ. ಆರೋಗ್ಯವಂತರಲ್ಲಿ ಮುಂದಿನ ಉಸಿರು ಯಾವಾಗ, ಎಷ್ಟು ಆಳ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್. ಕಾಫಿಯಲ್ಲಿರುವ ಕೆಫೀನ್ ಕೆಲಸ ಮಾಡುವುದು ಇಲ್ಲೇ. ಅದು ಒಳಗೆ ಹೋದ ಮೇಲೆ ಕಾರ್ಬನ್ ಡೈಆಕ್ಸೈಡ್ ಸ್ವಲ್ಪವೇ ಏರಿದರೂ ದೇಹ 'ಉಸಿರಾಡು' ಅನ್ನುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಕಾಫಿಯ ಹೊತ್ತು ಮತ್ತು ಪ್ರಮಾಣ ಸರಿಮಾಡಿಕೊಂಡರೆ ಬಹಳ ಜನರಿಗೆ ಸಾಕಾಗುತ್ತದೆ. ಅದನ್ನು ಮಾಡುವ ಕ್ರಮ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೃದಯದ ತೊಂದರೆ, ಏರಿದ ಬಿಪಿ, ಫಿಟ್ಸ್, ತೀವ್ರ ಆಸ್ತಮಾ ಅಥವಾ ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಇರುವವರು, ಗರ್ಭಿಣಿಯರು ಕೆಳಗೆ ಹೇಳಿರುವ ಉಸಿರು ಹಿಡಿಯುವ ಭಾಗವನ್ನು ಮಾಡಬೇಡಿ. ಉಳಿದದ್ದನ್ನು ಓದಿಕೊಳ್ಳಿ.

ಒಳಗೆ ನಡೆಯುವುದೇನು

ನಮ್ಮ ಜೀವಕೋಶಗಳು ಸದಾ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತಿರುತ್ತವೆ. ಅದು ರಕ್ತದ ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಮೆದುಳಿನ ಬುಡದಲ್ಲಿ ಮೆಡುಲ್ಲಾ ಎಂಬ ಭಾಗವಿದೆ. ಅಲ್ಲಿನ ನರಕೋಶಗಳು ಈ ಆಮ್ಲದ ಏರಿಳಿತವನ್ನು ಗುರುತಿಸಿ ಉಸಿರಿನ ವೇಗವನ್ನೂ ಆಳವನ್ನೂ ಹೊಂದಿಸುತ್ತವೆ. ಕುತ್ತಿಗೆಯ ಎರಡೂ ಬದಿಯಲ್ಲಿ, ಕೆರೋಟಿಡ್ ರಕ್ತನಾಳ ಕವಲೊಡೆಯುವ ಜಾಗದಲ್ಲಿ, ಪುಟ್ಟ ಗಂಟುಗಳಿವೆ. ಅವು ಆಕ್ಸಿಜನ್ನನ್ನೂ ಕಾರ್ಬನ್ ಡೈಆಕ್ಸೈಡನ್ನೂ ಗಮನಿಸುತ್ತವೆ. ಆದರೆ ಆಕ್ಸಿಜನ್ ಚೆನ್ನಾಗಿ ಇಳಿಯುವ ತನಕ ಅದರ ಬಗ್ಗೆ ದೇಹ ದೊಡ್ಡದಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಉಸಿರಾಟ ಕಾರ್ಬನ್ ಡೈಆಕ್ಸೈಡಿನ ಮಟ್ಟಕ್ಕೆ ತಕ್ಕಂತೆ ನಡೆಯುತ್ತದೆ ಎಂಬುದನ್ನು ಬ್ರಿಟನ್ನಿನ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲೇ ತೋರಿಸಿದ್ದರು.

ಅಪಧಮನಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಸುಮ್ನೆ ಕೂತಿರುವಾಗ ನಾವು ನಿಮಿಷಕ್ಕೆ 6 ಲೀಟರಿನ ಆಸುಪಾಸು ಗಾಳಿ ಎಳೆದುಕೊಳ್ಳುತ್ತೇವೆ. ಕಾರ್ಬನ್ ಡೈಆಕ್ಸೈಡ್ ಒಂದೇ ಒಂದು ಮಿಲಿಮೀಟರ್ ಏರಿದರೂ ಇದು ನಿಮಿಷಕ್ಕೆ ಸುಮಾರು 2 ಲೀಟರ್ ಹೆಚ್ಚುತ್ತದೆ. ಒಬ್ಬರಿಂದ ಒಬ್ಬರಿಗೆ ಈ ಲೆಕ್ಕ ತುಂಬ ಬೇರೆಯಾಗುತ್ತದೆ. ಅದಕ್ಕೇ ಒಂದೇ ಕಾಫಿ ಒಬ್ಬರಿಗೆ ಏನೂ ಮಾಡುವುದಿಲ್ಲ, ಇನ್ನೊಬ್ಬರಿಗೆ ಎದೆ ಹಗುರಾದಂತೆ, ಮತ್ತೊಬ್ಬರಿಗೆ ಉಸಿರು ಓಡಿದಂತೆ ಅನಿಸುತ್ತದೆ.

ಈಗ ಕೆಫೀನಿನ ವಿಷಯ. ನಾವು ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ನರಕೋಶಗಳನ್ನು ಮಂದ ಮಾಡುತ್ತದೆ. ನಿದ್ದೆ ಬರಿಸುವುದರಲ್ಲಿ ಅದರ ಪಾಲು ದೊಡ್ಡದು. ಉಸಿರಾಟ ನಡೆಸುವ ನರಕೋಶಗಳನ್ನೂ ಅದು ತುಸು ಹಿಡಿದಿಡುತ್ತದೆ. ಅಡಿನೋಸಿನ್ ಬಂದು ಕೂರುವ ಜಾಗಗಳಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಜಾತ್ರೆ ಸಮಯದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಟವೆಲ್ ತಾನಾಗಿ ಏನೂ ಮಾಡುವುದಿಲ್ಲ, ಆದರೆ ಬೇರೆಯವರು ಕೂರುವಂತಿಲ್ಲ. ಅಡಿನೋಸಿನ್‌ಗೆ ಜಾಗ ಸಿಗದೆ ಹೋದಾಗ ಅದರ ಹಿಡಿತ ಸಡಿಲವಾಗುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಉಸಿರಾಟದ ಸ್ಪಂದನೆ ಚುರುಕಾಗುತ್ತದೆ. ಮೊದಲಿಗಿಂತ ಕಡಿಮೆ ಮಟ್ಟಕ್ಕೇ ಸೂಚನೆ ಬರುತ್ತದೆ, ಬಂದ ಸೂಚನೆಗೆ ಉತ್ತರವೂ ಜೋರಾಗಿರುತ್ತದೆ. ಜೊತೆಗೆ ಕೆಫೀನ್ ದೇಹದ ಚಯಾಪಚಯವನ್ನು ತುಸು ಏರಿಸುವುದರಿಂದ ಕಾರ್ಬನ್ ಡೈಆಕ್ಸೈಡ್ ಉತ್ಪಾದನೆಯೂ ಸ್ವಲ್ಪ ಹೆಚ್ಚುತ್ತದೆ.

ಒಂದು ಸಣ್ಣ ಕಪ್ ಕಾಫಿಯಲ್ಲಿ ಈ ಪರಿಣಾಮ ಚಿಕ್ಕದು. ಹಲವು ಕಪ್ಪಿನಷ್ಟು ಕೆಫೀನನ್ನು ಒಟ್ಟಿಗೆ ಕೊಟ್ಟಾಗ ಪ್ರಯೋಗಾಲಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಂತ 1: ಎಷ್ಟು ಕೆಫೀನ್ ಹೋಗುತ್ತಿದೆ ಅಂತ ಲೆಕ್ಕ ಹಾಕಿ

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ಪ್ರಕಾರ 150 ಮಿ.ಲೀ. ಕಪ್ಪಿಗೆ ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿ.ಗ್ರಾಂ ದಾಟಬೇಡಿ ಅನ್ನುತ್ತದೆ ಅದೇ ಮಾರ್ಗಸೂಚಿ.

ನಮ್ಮ ಫಿಲ್ಟರ್ ಕಾಫಿಯನ್ನು ಹೀಗೆ ಒಂದೇ ಅಂಕಿಯಲ್ಲಿ ಹಿಡಿಯುವುದು ಕಷ್ಟ. ಡಿಕಾಕ್ಷನ್ ಎಷ್ಟು ಗಟ್ಟಿ, ಹಾಲು ಎಷ್ಟು, ಮೊದಲ ಡಿಕಾಕ್ಷನ್ನೋ ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ್ದೋ ಎಂಬುದರ ಮೇಲೆ ಎಲ್ಲ ಬದಲಾಗುತ್ತದೆ. ಪುಡಿಯ ಪ್ಯಾಕೆಟ್ ನೋಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. 60 ಭಾಗ ಕಾಫಿ, 40 ಭಾಗ ಚಿಕೋರಿ ಇದ್ದರೆ ಅಷ್ಟರಮಟ್ಟಿಗೆ ಕೆಫೀನ್ ಕಡಿಮೆ, ಬಣ್ಣ ಮಾತ್ರ ಕಪ್ಪಗೇ ಇರುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ರೋಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಅಂಗಡಿಯಲ್ಲಿ ಪುಡಿ ಮಾಡಿಸುವಾಗ ಯಾವ ಬೀಜ ಎಷ್ಟು ಅಂತ ಕೇಳಿ, ಹೇಳುತ್ತಾರೆ. ಎನರ್ಜಿ ಡ್ರಿಂಕ್ ಕುಡಿಯುವವರು ಡಬ್ಬಿಯ ಮೇಲಿನ ಅಂಕಿ ಓದಿ. ನಮ್ಮ ದೇಶದ ನಿಯಮದಂತೆ ಲೀಟರಿಗೆ 300 ಮಿ.ಗ್ರಾಂ ತನಕ ಇರಬಹುದು. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಸೇರಿರುತ್ತದೆ.

ಹಂತ 2: ಕುಡಿಯುವ ಮುಂಚೆ ಅಳೆಯಿರಿ

ಬೇಕಾಗಿರುವುದು ಒಂದು ಗಡಿಯಾರ, ಒಂದು ನೋಟ್‌ಬುಕ್, ಮನೆಯವರೊಬ್ಬರ ಸಹಾಯ. ಬೆಳಿಗ್ಗೆ ಎದ್ದು, ಏನೂ ತಿನ್ನದೆ ಕುಡಿಯದೆ, ಹತ್ತು ನಿಮಿಷ ಬೆನ್ನು ಆನಿಸಿ ಕುಳಿತುಕೊಳ್ಳಿ. ಮೊಬೈಲ್ ದೂರವಿಡಿ.

ಮೊದಲು ಉಸಿರಿನ ಎಣಿಕೆ. ಇದನ್ನು ನೀವೇ ಎಣಿಸಬೇಡಿ. ಗಮನ ಕೊಟ್ಟ ಕೂಡಲೇ ಉಸಿರು ತನ್ನ ಲಯ ಬದಲಿಸಿಬಿಡುತ್ತದೆ. ನೀವು ಪೇಪರ್ ಓದುತ್ತಿರುವಾಗ ಮನೆಯವರು ಪಕ್ಕದಿಂದ ಹೊಟ್ಟೆಯೋ ಭುಜವೋ ಏರಿಳಿಯುವುದನ್ನು ನೋಡಿ ಪೂರ್ತಿ ಒಂದು ನಿಮಿಷ ಎಣಿಸಲಿ. ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 20 ಬರುತ್ತದೆ. ನಾಡಿಯನ್ನೂ ಒಂದು ನಿಮಿಷ ಎಣಿಸಿ ಬರೆದುಕೊಳ್ಳಿ.

ಆಮೇಲೆ ಉಸಿರು ನಿಲ್ಲಿಸುವ ಪರೀಕ್ಷೆ. ಮಾಮೂಲಿಯಾಗಿ ಉಸಿರು ಒಳಗೆಳೆದು ಮಾಮೂಲಿಯಾಗಿ ಬಿಡಿ. ಬಿಟ್ಟ ಮೇಲೆ ಮೂಗು ಹಿಡಿದುಕೊಂಡು ಗಡಿಯಾರ ನೋಡಿ. ಉಸಿರು ಬೇಕು ಎಂಬ ಮೊದಲ ಸ್ಪಷ್ಟ ಒತ್ತಾಯ ಬಂದ ಕೂಡಲೇ ಬಿಟ್ಟುಬಿಡಿ. ಹೊಟ್ಟೆ ತಾನಾಗಿ ಜಗ್ಗುವುದು ಅಥವಾ ಗಂಟಲು ನುಂಗಿದಂತಾಗುವುದು ಅದರ ಗುರುತು. ಹಟ ಹಿಡಿದು ಎಳೆಯುವುದು ಬೇಡ. ಬಿಟ್ಟ ಮೇಲೆ ಮೊದಲ ಉಸಿರು ಏದುಸಿರಾಗಿದ್ದರೆ ನೀವು ಜಾಸ್ತಿ ಹೊತ್ತು ಹಿಡಿದಿದ್ದೀರಿ ಅಂತ ಅರ್ಥ. ಎರಡೆರಡು ನಿಮಿಷ ಬಿಟ್ಟು ಮೂರು ಸಲ ಮಾಡಿ, ಮೂರರಲ್ಲಿ ನಡುವಿನ ಅಂಕಿಯನ್ನು ಬರೆದುಕೊಳ್ಳಿ. ಈ ಒತ್ತಾಯವನ್ನು ತರುವುದು ಮುಖ್ಯವಾಗಿ ಏರುತ್ತಿರುವ ಕಾರ್ಬನ್ ಡೈಆಕ್ಸೈಡ್. ರಕ್ತದಲ್ಲಿನ ಮಟ್ಟ ತಿಳಿಯಲು ಆಸ್ಪತ್ರೆಯ ಯಂತ್ರ ಬೇಕು. ನಿಮ್ಮ ದೇಹ ಅದಕ್ಕೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಂದಾಜು ಮನೆಯಲ್ಲೇ ಸಿಗುತ್ತದೆ.

ಕೂತಲ್ಲೇ ಮಾಡಿ. ಈಜುಕೊಳದಲ್ಲಿ, ಕೆರೆಯಲ್ಲಿ, ಬಾವಿಯಲ್ಲಿ ಯಾವತ್ತೂ ಬೇಡ. ಮಕ್ಕಳಿಗೂ ಇದನ್ನು ಹೇಳಿ, ಏಕೆಂದರೆ ಇದು ಜೀವದ ಪ್ರಶ್ನೆ. ಮುಳುಗುವ ಮುಂಚೆ ಜೋರಾಗಿ ಹತ್ತಾರು ಉಸಿರು ಎಳೆದು ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಇಳಿದುಹೋಗುತ್ತದೆ. ಆಕ್ಸಿಜನ್ ಮಾತ್ರ ಹೆಚ್ಚೇನೂ ಏರುವುದಿಲ್ಲ. ನೀರಿನೊಳಗೆ 'ಉಸಿರಾಡು' ಎಂಬ ಸೂಚನೆ ಬರುವ ಮುಂಚೆಯೇ ಆಕ್ಸಿಜನ್ ಮುಗಿದು ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ. ಕಾಫಿ ಕುಡಿದರೆ ಸೂಚನೆ ಬೇಗ ಬರುತ್ತದಲ್ಲ ಅಂತ ಯಾರೂ ಇದರಲ್ಲಿ ಧೈರ್ಯ ಮಾಡಬಾರದು.

ಹಂತ 3: ಕುಡಿದು, ಕಾದು, ಮತ್ತೆ ಅಳೆಯಿರಿ

ಕೆಫೀನ್ ಬಹುಪಾಲು 45 ನಿಮಿಷದೊಳಗೆ ರಕ್ತ ಸೇರುತ್ತದೆ. ಆದ್ದರಿಂದ ಕಾಫಿ ಕುಡಿದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು ಅದೇ ಕುರ್ಚಿಯಲ್ಲಿ, ಅದೇ ಕ್ರಮದಲ್ಲಿ ಮತ್ತೆ ಅಳೆಯಿರಿ. ನಡುವೆ ತಿಂಡಿ ತಿನ್ನಬೇಡಿ, ಮೆಟ್ಟಿಲು ಹತ್ತಬೇಡಿ, ಫೋನಿನಲ್ಲಿ ಮಾತಾಡಬೇಡಿ. ಹೊಟ್ಟೆ ತುಂಬಿದ್ದರೆ ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತಿಕೊಂಡು ಉಸಿರೇ ಬದಲಾಗುತ್ತದೆ, ಕಾಫಿಯ ಪಾಲು ಯಾವುದು ಅಂತ ತಿಳಿಯುವುದಿಲ್ಲ.

ಒಂದು ದಿನದ ಅಳತೆಗೆ ಬೆಲೆ ಇಲ್ಲ. ಒಂದು ವಾರವಾದರೂ ಮಾಡಿ. ಅದರಲ್ಲೂ ಕೆಲವು ದಿನ ಕೆಫೀನ್ ತೆಗೆದ ಕಾಫಿ ಇರಲಿ. ಯಾವ ದಿನ ಯಾವುದು ಎಂಬುದನ್ನು ಮನೆಯವರೇ ಆರಿಸಿ ಮಾಡಿಕೊಡಲಿ, ವಾರ ಮುಗಿಯುವ ತನಕ ನಿಮಗೆ ಹೇಳದಿರಲಿ. ನನ್ನ ಪ್ರಕಾರ ಇಡೀ ಕ್ರಮದಲ್ಲಿ ಇದೇ ಮುಖ್ಯ. 'ಕಾಫಿ ಕುಡಿದಿದ್ದೇನೆ, ಈಗ ಎದೆ ಬಿಗಿಯಬೇಕು' ಎಂಬ ನಿರೀಕ್ಷೆಯೇ ಎಷ್ಟೋ ಸಲ ಉಸಿರನ್ನು ಕೆಡಿಸಿಬಿಡುತ್ತದೆ.

ಹಂತ 4: ಅಂಕಿಗಳನ್ನು ಓದುವುದು

ಕೆಫೀನ್ ಇದ್ದ ದಿನಗಳಲ್ಲಿ ಉಸಿರು ಹಿಡಿಯುವ ಹೊತ್ತು ಕಡಿಮೆಯಾಗಿ, ಎಣಿಕೆ ಒಂದೆರಡು ಏರಿ, ಇಲ್ಲದ ದಿನಗಳಲ್ಲಿ ಹಾಗಾಗದಿದ್ದರೆ ನಿಮ್ಮ ಉಸಿರಾಟ ಕೆಫೀನಿಗೆ ಸ್ಪಂದಿಸುತ್ತಿದೆ ಅನ್ನಬಹುದು. ಎರಡು ಬಗೆಯ ದಿನಗಳೂ ಒಂದೇ ಥರ ಇದ್ದರೆ ಕಾಫಿಯನ್ನು ಬಿಟ್ಟು ಬೇರೆ ಕಾರಣ ಹುಡುಕಿ. ರಕ್ತಹೀನತೆ, ಥೈರಾಯ್ಡ್, ಆಸ್ತಮಾ, ಆತಂಕ, ಹುಳಿತೇಗು ಇವೆಲ್ಲ ಉಸಿರು ಸಾಲದ ಭಾವನೆ ತರುತ್ತವೆ.

ದಿನಾ ಮೂರು ನಾಲ್ಕು ಕಪ್ ಕುಡಿಯುವವರಲ್ಲಿ ಬದಲಾವಣೆ ಕಾಣದೇ ಇರಬಹುದು. ದೇಹ ಒಗ್ಗಿಕೊಂಡಿರುತ್ತದೆ. ಹಿಂದಿನ ದಿನ ಸಂಜೆ ಕುಡಿದ ಕಾಫಿಯಿಂದ ಬೆಳಿಗ್ಗೆಗೆ ಹನ್ನೆರಡು ಗಂಟೆ ಆಗಿರುವುದರಿಂದ ಕೆಫೀನ್ ಸಿಗದ ತಲೆ ಭಾರ, ಮಂಕು ಆಗಲೇ ಶುರುವಾಗಿರಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 5: ಕಾಫಿಯ ಹೊತ್ತು ಹೊಂದಿಸಿ

ಪ್ರಾಣಾಯಾಮ ಮಾಡುವವರಿಗೆ ನನ್ನ ಸಲಹೆ ಸರಳ. ಮೊದಲು ಪ್ರಾಣಾಯಾಮ, ಆಮೇಲೆ ಕಾಫಿ. ಕುಂಭಕದಲ್ಲಿ, ಅಂದರೆ ಉಸಿರು ಹಿಡಿದಿಡುವಾಗ, ನಾವು ಕಾರ್ಬನ್ ಡೈಆಕ್ಸೈಡ್ ಏರಲು ಬಿಟ್ಟು ಸಮಾಧಾನದಿಂದ ಇರಲು ಕಲಿಯುತ್ತೇವೆ. ಕೆಫೀನ್ ಆ ಸಮಾಧಾನವನ್ನು ಬೇಗ ಕದಲಿಸುತ್ತದೆ. ಜೋರಾಗಿ, ಬೇಗ ಬೇಗ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಇದಕ್ಕೆ ಉಲ್ಟಾ. ಅವು ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತವೆ. ಅದು ಇಳಿದರೆ ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ. ಕೆಫೀನ್ ಕೂಡ ಅವನ್ನೇ ಕುಗ್ಗಿಸುತ್ತದೆ. ಗಟ್ಟಿ ಕಾಫಿ ಕುಡಿದು ಜೋರಾಗಿ ಭಸ್ತ್ರಿಕಾ ಮಾಡಿದಾಗ ತಲೆ ತಿರುಗಿದರೆ ಈ ಎರಡೂ ಕೂಡಿಕೊಂಡಿರಬಹುದು.

ಶ್ವಾಸಕೋಶದ ಸ್ಪೈರೊಮೆಟ್ರಿ ಪರೀಕ್ಷೆ (ಯಂತ್ರಕ್ಕೆ ಊದಿಸಿ ಉಸಿರನ್ನು ಅಳೆಯುವುದು) ಇದ್ದರೆ ಕನಿಷ್ಠ 4 ಗಂಟೆ ಮುಂಚಿನಿಂದ ಕಾಫಿ, ಚಹಾ ಬಿಡಿ. ಲ್ಯಾಬಿನವರು ಇನ್ನೂ ಹೆಚ್ಚು ಹೊತ್ತು ಹೇಳಿದರೆ ಅದೇ ಲೆಕ್ಕ. ಕೆಫೀನ್ ಶ್ವಾಸನಾಳಗಳನ್ನು ತುಸು ಅಗಲಿಸುತ್ತದೆ, ಅದರ ಗುಣ ಸುಮಾರು 4 ಗಂಟೆ ಇರುತ್ತದೆ. ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಬಂದುಬಿಟ್ಟರೆ ಚಿಕಿತ್ಸೆ ತಪ್ಪುತ್ತದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆನ್ರಿ ಹೈಡ್ ಸಾಲ್ಟರ್ ಎಂಬ ವೈದ್ಯರು ಆಸ್ತಮಾಗೆ ಗಟ್ಟಿ ಕಾಫಿಯನ್ನೇ ಹೇಳುತ್ತಿದ್ದರು. ಆಗ ಇಂದಿನಂಥ ಇನ್‌ಹೇಲರ್ ಔಷಧಿಗಳು ಇರಲಿಲ್ಲ. ಇವತ್ತು ಇವೆ. ಉಬ್ಬಸ ಬಂದಾಗ ಕಾಫಿ ಕಾಯಿಸುತ್ತಾ ನಿಲ್ಲಬೇಡಿ, ಇನ್‌ಹೇಲರ್ ತೆಗೆದುಕೊಳ್ಳಿ.

ಹೃದಯದ ಸ್ಕ್ಯಾನಿಗೆ ಅಡಿನೋಸಿನ್ ಇಂಜೆಕ್ಷನ್ ಕೊಡುವುದಿದ್ದರೆ 12ರಿಂದ 24 ಗಂಟೆ ಕೆಫೀನ್ ಬಿಡಲು ಹೇಳುತ್ತಾರೆ. ಕಾರಣ ಮೇಲೆ ನೋಡಿದ್ದೇ. ಜಾಗ ಖಾಲಿ ಇಲ್ಲದಿದ್ದರೆ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ.

ಸಂಜೆಯ ಕಾಫಿ ಬಗ್ಗೆ ಒಂದು ಲೆಕ್ಕ. ದೊಡ್ಡವರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. 4 ಗಂಟೆಗೆ 100 ಮಿ.ಗ್ರಾಂ ಕುಡಿದರೆ ರಾತ್ರಿ 9ಕ್ಕೆ 50, ನಡುರಾತ್ರಿ 2ಕ್ಕೆ 25 ಉಳಿದಿರುತ್ತದೆ. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ. ಗರ್ಭ ನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಿಧಾನ, ತುಂಬು ಗರ್ಭಿಣಿಯರಲ್ಲಿ ಇನ್ನೂ ನಿಧಾನ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುವವರು 'ಕಾಫಿ ಉಸಿರಿಗೆ ಒಳ್ಳೆಯದಂತೆ' ಅಂತ ರಾತ್ರಿ ಕುಡಿಯಬೇಡಿ. ಅಲ್ಲಿ ತೊಂದರೆ ಇರುವುದು ಗಂಟಲಿನ ದಾರಿ ಮುಚ್ಚಿಕೊಳ್ಳುವುದರಲ್ಲಿ. ಹಗಲಿನ ತೂಕಡಿಕೆಯನ್ನು ಕಾಫಿ ಮರೆಮಾಡುತ್ತದೆ ಅಷ್ಟೇ, ಕಾಯಿಲೆ ಹಾಗೇ ಇರುತ್ತದೆ.

ಹಂತ 6: ಕಾಫಿ ಆದ ಮೇಲೆ ಉಸಿರು ಓಡಿದರೆ

ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ತಲೆ ಹಗುರಾಗುವುದು, ಕೈಬೆರಳು ಸೆಟೆದಂತಾಗುವುದು, ಇವು ಕಾರ್ಬನ್ ಡೈಆಕ್ಸೈಡ್ ತುಂಬ ಇಳಿದಾಗಿನ ಗುರುತುಗಳು. ಆಗ ಸುತ್ತಲಿನವರು 'ಜೋರಾಗಿ ಉಸಿರು ಎಳ್ಕೊ' ಅನ್ನುತ್ತಾರೆ. ಅದರಿಂದ ಇನ್ನೂ ಹದಗೆಡುತ್ತದೆ. ಬಾಯಿ ಮುಚ್ಚಿ, ಮೂಗಿನಿಂದ ಸಣ್ಣದಾಗಿ ಎಳೆದು, ಅದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಿ. ನಿಮಿಷಕ್ಕೆ ಆರೇಳು ಉಸಿರಿಗೆ ಬಂದರೆ ಸಾಕು. ಹಳೆಯ ಕಾಲದ ಪೇಪರ್ ಕವರಿನೊಳಗೆ ಉಸಿರಾಡುವ ಉಪಾಯ ಬೇಡ. ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಅಪಾಯ.

ಪ್ಯಾನಿಕ್ ಆಗುವ ಸ್ವಭಾವದವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡಿಸಿದಾಗಲೂ, ನಾಲ್ಕೈದು ಕಪ್ಪಿನಷ್ಟು ಕೆಫೀನ್ ಒಟ್ಟಿಗೆ ಕೊಟ್ಟಾಗಲೂ ಅವರಲ್ಲಿ ಹಲವರಿಗೆ ಪ್ಯಾನಿಕ್ ಬರುವುದು ಅಧ್ಯಯನಗಳಲ್ಲಿ ಕಂಡಿದೆ. ಇಂಥವರು ಕಾಫಿ ಕಡಿಮೆ ಮಾಡುವುದು ದೊಡ್ಡ ಖರ್ಚಿಲ್ಲದ ಮೊದಲ ಕ್ರಮ.

ಎದೆನೋವು, ತುಟಿ ನೀಲಿಯಾಗುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ಪ್ರಜ್ಞೆ ತಪ್ಪುವುದು, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸುವುದು, ಇದರಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ಕಾಫಿಯ ಯೋಚನೆ ಆಮೇಲೆ.

ಹಂತ 7: ಮಾತ್ರೆಗಳ ಪಟ್ಟಿ ನೋಡಿ, ನಿಧಾನವಾಗಿ ಇಳಿಸಿ

ಉಬ್ಬಸಕ್ಕೆ ಡೆರಿಫಿಲಿನ್ ಮಾತ್ರೆ ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಅದರಲ್ಲಿರುವ ಥಿಯೋಫಿಲಿನ್ ಕೆಫೀನಿನ ಹತ್ತಿರದ ಬಂಧು. ಎರಡೂ ಕೂಡಿದರೆ ಕೈನಡುಕ, ಎದೆಬಡಿತ, ನಿದ್ದೆಗೇಡು ಜಾಸ್ತಿ. ಸಿಪ್ರೊಫ್ಲಾಕ್ಸಾಸಿನ್ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವಾಗ ಕೆಫೀನ್ ದೇಹದಿಂದ ಹೋಗುವುದು ನಿಧಾನವಾಗುತ್ತದೆ, ಮಾಮೂಲಿ ಕಾಫಿಯೇ ಹೆಚ್ಚಾಗುತ್ತದೆ. ವೈದ್ಯರಿಗೆ ದಿನಕ್ಕೆ ಎಷ್ಟು ಕಪ್ ಅಂತ ಹೇಳಿ.

ಕಡಿಮೆ ಮಾಡುವುದಾದರೆ ಒಮ್ಮೆಲೇ ಬಿಡಬೇಡಿ. ಕುಗ್ಗಿದ್ದ ಮೆದುಳಿನ ರಕ್ತನಾಳಗಳು ಹಿಗ್ಗಿ ತಲೆನೋವು ಬರುತ್ತದೆ. ಒಂದೆರಡು ದಿನದಲ್ಲಿ ಜೋರಾಗಿ, ಕೆಲವೊಮ್ಮೆ ಒಂದು ವಾರದ ತನಕ ಕಾಡುತ್ತದೆ. ವಾರಕ್ಕೆ ಒಂದರಂತೆ ಕಪ್ ಇಳಿಸಿ, ಅಥವಾ ಚಿಕೋರಿ ಪಾಲು ಏರಿಸುತ್ತಾ ಬನ್ನಿ.

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಕೆಫೀನ್ ಕೊಟ್ಟರೆ

ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹೊರಗೆ ಕಾಯುತ್ತಾ ಕುಳಿತ ಅಪ್ಪ ಅಮ್ಮ 'ಮಗುವಿಗೆ ಕೆಫೀನ್ ಹಾಕಿದ್ದೇವೆ' ಎಂಬ ಮಾತು ಕೇಳಿ ಬೆಚ್ಚುವುದುಂಟು. ಬೆಚ್ಚಬೇಕಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಮೆದುಳಿನ ಉಸಿರಾಟ ಕೇಂದ್ರ ಇನ್ನೂ ಬಲಿತಿರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಏರಿದರೂ ಅದು ಸರಿಯಾಗಿ ಸ್ಪಂದಿಸುವುದಿಲ್ಲ. 20 ಸೆಕೆಂಡು, ಇನ್ನೂ ಹೆಚ್ಚು ಹೊತ್ತು ಉಸಿರು ನಿಂತುಬಿಡುತ್ತದೆ. ಔಷಧಿಯ ರೂಪದ ಕೆಫೀನ್, ಅಂದರೆ ಕೆಫೀನ್ ಸಿಟ್ರೇಟ್, ಆ ಸ್ಪಂದನೆಯನ್ನು ಎಬ್ಬಿಸುತ್ತದೆ. ನಮ್ಮಲ್ಲಿ ಕೆಲವರಿಗೆ ಕಿರಿಕಿರಿ ಮಾಡುವ ಅದೇ ಗುಣ ಆ ಮಗುವಿನ ಜೀವ ಕಾಯುತ್ತದೆ.

ಕೆನಡಾದ ಬಾರ್ಬರಾ ಶ್ಮಿಟ್ ಮತ್ತು ಸಂಗಡಿಗರು 500ರಿಂದ 1250 ಗ್ರಾಂ ತೂಕದ 2006 ಶಿಶುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕೆಫೀನ್ ಪಡೆದ ಶಿಶುಗಳಲ್ಲಿ ಶೇ. 36ರಷ್ಟು ಮಂದಿಗೆ ದೀರ್ಘಕಾಲದ ಶ್ವಾಸಕೋಶದ ತೊಂದರೆ ಬಂದಿತ್ತು, ಪಡೆಯದವರಲ್ಲಿ ಶೇ. 47. ಮರುವರ್ಷದ ವರದಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಚಲನೆ ಕೆಡುವ ತೊಂದರೆ) ಕೂಡ ಕಡಿಮೆ ಎಂದು ಕಂಡಿತು, ಶೇ. 7.3ರ ಬದಲು 4.4. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇದು ಇದೆ.

ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ. ಸಾಮಾನ್ಯವಾಗಿ ಮೊದಲು ಕಿಲೋಗೆ 20 ಮಿ.ಗ್ರಾಂ ಸಿಟ್ರೇಟ್, ಆಮೇಲೆ ದಿನಕ್ಕೊಮ್ಮೆ ಕಿಲೋಗೆ 5ರಿಂದ 10. ಆ ಪುಟ್ಟ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಮೂರು ನಾಲ್ಕು ದಿನ ಹಿಡಿಯುತ್ತದೆ. ಅದಕ್ಕೇ ಮನೆಯಲ್ಲಿ ಕಾಫಿ ಡಿಕಾಕ್ಷನ್ ಒಂದು ಹನಿಯನ್ನೂ ಮಗುವಿನ ಬಾಯಿಗೆ ಹಾಕಬಾರದು, ಯಾರು ಹೇಳಿದರೂ ಸರಿ. ಎದೆಹಾಲು ಕುಡಿಸುವ ತಾಯಿ ಕಾಫಿ ಪೂರ್ತಿ ಬಿಡಬೇಕಾಗಿಲ್ಲ, ದಿನಕ್ಕೆ 200 ಮಿ.ಗ್ರಾಂ ಒಳಗೆ ಇಟ್ಟುಕೊಂಡರೆ ಸಾಕು.

ಔಷಧಿ ನಿಲ್ಲಿಸಿದ ಮೇಲೂ ಅದು ದೇಹದಲ್ಲಿ ದಿನಗಟ್ಟಲೆ ಇರುವುದರಿಂದ, ನಿಲ್ಲಿಸಿದ ಕೂಡಲೇ ಮನೆಗೆ ಕಳಿಸುವುದಿಲ್ಲ. ಉಸಿರು ನಿಲ್ಲದೆ ನಡೆಯುತ್ತಿದೆಯೇ ಅಂತ ಕೆಲವು ದಿನ ಮಾನಿಟರಿನಲ್ಲಿ ನೋಡುತ್ತಾರೆ. ಬೇಗ ಕಳಿಸಿ ಅಂತ ಒತ್ತಾಯ ಮಾಡಬೇಡಿ. ಡಿಸ್ಚಾರ್ಜ್ ದಿನ ವೈದ್ಯರನ್ನು ಕೇಳಿ: ಕೊನೆಯ ಡೋಸ್ ಯಾವತ್ತು ಕೊಟ್ಟಿದ್ದು, ಆಮೇಲೆ ಉಸಿರು ಒಮ್ಮೆಯಾದರೂ ನಿಂತಿತ್ತಾ, ಮನೆಯಲ್ಲಿ ನಿಂತರೆ ಮೊದಲು ಏನು ಮಾಡಬೇಕು. ಮೂರಕ್ಕೂ ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.